ಕೇಜನ್ನರ ಊಟದ ಮನೆ

ಊಟದ ವಿಚಾರವನ್ನು ಸಾಹಿತ್ಯದ ಪುಟದಲ್ಲಿ ಎತ್ತುವುದು ಕೆಲವರಿಗೆ ಹಿಡಿಸದು. ಅದು ಅಡುಗೆಮನೆಯ ಮಾತು, ಅಲ್ಲಿಯೇ ಇರತಕ್ಕದ್ದು ಎಂದು ಅವರ ಭಾವನೆ. ನಮ್ಮ ಪೂರ್ವಿಕರಿಗೆ ಈ ಮಡಿವಂತಿಕೆ ಇರಲಿಲ್ಲ. 11ನೆಯ ಶತಮಾನದ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಜ್ಯೋತಿಷಕ್ಕೂ ವಾಸ್ತುವಿಗೂ ಕೊಟ್ಟ ಮರ್ಯಾದೆಯನ್ನೇ ಸೂಪಶಾಸ್ತ್ರಕ್ಕೂ ಕೊಟ್ಟ, 16ನೆಯ ಶತಮಾನದ ಮೂರನೆಯ ಮಂಗರಸ ಅಡುಗೆಯನ್ನು ಷಟ್ಪದಿಗೇ ಇಳಿಸಿದ. ಆದ್ದರಿಂದ ಅಮೆರಿಕದ ಲೂಯಿಸಿಯಾನ ಪ್ರಾಂತದ ಒಂದು ಸಾಮಾನ್ಯ ಊಟದ ಮನೆಯನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯುವುದಕ್ಕೆ ಕ್ಷಮೆ ಕೇಳಬೇಕಾದ ಕಾರಣ ಕಾಣೆ. ಅಲ್ಲದೆ ಈ ಮಾತು ಹೊರಡುವುದು ಅಡುಗೆಮನೆಯಿಂದಾದರೂ ಹೋಗಿ ನಿಲ್ಲುವುದು ಭಾಷೆಯ ಬಾಗಿಲಲ್ಲಿ.

ಊಟ ಉಳಿದರೆ ಸಂಸ್ಕೃತಿ ಉಳಿದಂತೆ ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಹೊರನಾಡ ಕನ್ನಡಿಗರ ಯುಗಾದಿ ಸಮಾರಂಭಗಳಲ್ಲಿ ಅದನ್ನು ಕೇಳಬಹುದು. ಬೆಂಗಳೂರಿನ ಆಹಾರ ಮೇಳಗಳ ವರದಿಗಳಲ್ಲಿ ಓದಬಹುದು. ಮಕ್ಕಳಿಗೆ ಕನ್ನಡ ಬಾರದಿದ್ದರೇನು, ಬಿಸಿಬೇಳೆಭಾತು ಎಂದರೆ ಪ್ರಾಣ ಬಿಡುತ್ತಾರಲ್ಲ ಎಂದು ತಾಯ್ತಂದೆಗಳು ಸಮಾಧಾನ ಪಡುತ್ತಾರೆ. ಈ ಸಮಾಧಾನದ ತೂಕ ಎಷ್ಟೆಂದು ನೋಡಬೇಕಾದರೆ ಕೇಜನ್ನರ ಚರಿತ್ರೆಯಷ್ಟು ಒಳ್ಳೆಯ ತಕ್ಕಡಿ ಇನ್ನೊಂದು ಸಿಗುವುದು ಕಷ್ಟ.

ಕೇಜನ್ ಎಂಬುದು ಅಕೇಡಿಯನ್ ಎಂಬ ಹೆಸರಿನ ಸವೆದ ರೂಪ. ನಮ್ಮ ತದ್ಭವಗಳಂತೆಯೇ ಬಾಯಿಂದ ಬಾಯಿಗೆ ಸಾಗುತ್ತ ಮೊದಲಿನ ಅಕಾರ ಉದುರಿತು, ಡಕಾರ ಜಕಾರವಾಯಿತು. ಅಕೇಡಿಯ ಎಂದರೆ ಇಂದಿನ ಕೆನಡಾ ದೇಶದ ನೋವ ಸ್ಕೋಶಿಯ ಮತ್ತು ಅದರ ಸುತ್ತಣ ಸೀಮೆ. 17ನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಬಂದ ಒಕ್ಕಲು ಮಕ್ಕಳು ಅಲ್ಲಿ ಕಡಲ ಉಬ್ಬರವಿಳಿತದ ಜೌಗು ನೆಲಕ್ಕೆ ಒಡ್ಡು ಕಟ್ಟಿ, ಉಪ್ಪುನೀರನ್ನು ಹೊರಗಟ್ಟಿ, ಗೋಧಿ ಬೆಳೆದರು. ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಆ ಶ್ರಮ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. 1713ರ ಒಪ್ಪಂದದಿಂದ ಆ ನಾಡು ಇಂಗ್ಲಿಷರ ಪಾಲಾಯಿತು. ಯಾವ ಷರತ್ತೂ ಇಲ್ಲದೆ ಇಂಗ್ಲಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಲು ಈ ಜನ ಒಪ್ಪಲಿಲ್ಲ. 1755ರಲ್ಲಿ ಸರ್ಕಾರ ಇವರನ್ನು ಹಡಗುಗಳಿಗೆ ತುಂಬಿ ಗಡಿಪಾರು ಮಾಡತೊಡಗಿತು. ಮನೆಗಳಿಗೂ ಕಣಜಗಳಿಗೂ ಬೆಂಕಿ ಬಿತ್ತು. ಕೆಲವು ವರ್ಷಗಳ ಅವಧಿಯಲ್ಲಿ 10,000ಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಗಂಡ ಒಂದು ಹಡಗಿನಲ್ಲಿ, ಹೆಂಡತಿ ಇನ್ನೊಂದರಲ್ಲಿ ಆದದ್ದೂ ಉಂಟು. ಹೀಗೆ ಚದರಿದವರಲ್ಲಿ ಒಂದು ಪಾಲು 1764ರಿಂದೀಚೆಗೆ, ಆಗ ಸ್ಪೇನಿನ ಕೈಗೆ ಬಂದಿದ್ದ ಲೂಯಿಸಿಯಾನಕ್ಕೆ ಬಂದು ನೆಲೆಸಿತು. 1785ರಲ್ಲಿ ಸ್ಪೇನಿನ ದೊರೆಯ ಖರ್ಚಿನಿಂದ ಏಳು ಹಡಗುಗಳಲ್ಲಿ ಇನ್ನೂ ಸುಮಾರು 1,600 ಮಂದಿ ಫ್ರಾನ್ಸಿನಿಂದ ಬಂದರು. ಲಾಂಗ್‌ಫೆಲೊ ಕವಿ 1847ರಲ್ಲಿ ‘ಇವ್ಯಾಂಜಲಿನ್’ ಎಂಬ ಕಥನಕಾವ್ಯ ಬರೆದು ಈ ಕತೆಯನ್ನು ಲೋಕಕ್ಕೆಲ್ಲ ಸಾರಿದ. ಅವನು ಅಕೇಡಿಯವನ್ನಾಗಲಿ ಲೂಯಿಸಿಯಾನವನ್ನಾಗಲಿ ಕಣ್ಣಾರೆ ಕಂಡವನಲ್ಲ. ಕಾವ್ಯಕ್ಕೆ ಅದು ಅಡ್ಡಿಯಾಗಲಿಲ್ಲ.

ಈಗ ಅಡುಗೆಗೆ ಬರೋಣ. ಬಂದವರು ತಂದದ್ದೇನು? ಸುಟ್ಟುಹೋದ ಮನೆಯಿಂದ ಯಾರೂ ಪಾತ್ರೆ ಪದಾರ್ಥ ಹೊತ್ತು ತಂದಿರಲಾರರು. ಇಡಿಯಾಗಿ ತಂದದ್ದು ಎರಡೇ: ಫ್ರೆಂಚ್ ಮಾತು ಮತ್ತು ಕ್ಯಾಥೊಲಿಕ್ ಮತ. ಅಕೇಡಿಯದ ತಂಪಿನಲ್ಲಿ ಬೆಳೆದ ಗೋಧಿ ಈ ಸೆಕೆಯ ಜೌಗಿನಲ್ಲಿ ಕೈಕೊಟ್ಟಿತು. ಆದ್ದರಿಂದ ಮೆಕ್ಕೆಜೋಳವನ್ನೂ ಅಕ್ಕಿಯನ್ನೂ ಹಿಡಿದರು. ಸ್ಯಾಸಫ್ರಾಸ್ ಎಂಬ ಮರದ ಎಲೆಯನ್ನು ಒಣಗಿಸಿ ಕುಟ್ಟಿದ ಪುಡಿಯಿಂದ ಸಾರನ್ನು ಗಟ್ಟಿ ಮಾಡುವುದನ್ನು ಅಲ್ಲಿನ ಚಾಕ್ಟಾ ಮೂಲನಿವಾಸಿಗಳಿಂದ ಕಲಿತರು. ಬೆಂಡೆಕಾಯಿ ಬಂದದ್ದು ಆಫ್ರಿಕದಿಂದ, ಸಂಕೋಲೆಯಲ್ಲಿ ಬಂದವರ ಕೂಡೆ. ಇಂದು ಜಗತ್ತು ಕೇಜನ್ ಅಡುಗೆ ಎಂದು ಕರೆಯುವ ಊಟದಲ್ಲಿ ಅಕೇಡಿಯದಿಂದ ಬಂದ ವಸ್ತು ಹುಡುಕಿದರೂ ಸಿಗುವುದು ಕಷ್ಟ. ಈ ಒಂದು ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಕೆಲಸವಿದೆ.

2023ರ ಮಾರ್ಚಿಯಲ್ಲಿ ನನ್ನ ಹಿರಿಯಕ್ಕನ ಮಗ ಹ್ಯೂಸ್ಟನ್ನಿನಿಂದ ನನ್ನನ್ನು ಲಫಾಯೆಟ್ ಪಟ್ಟಣಕ್ಕೆ ಕರೆದುಕೊಂಡು ಹೋದ. ಕಾರಿನಲ್ಲಿ ಮೂರೂವರೆ ಗಂಟೆಯ ದಾರಿ. ಕ್ರೌಲಿ ಎಂಬ ಊರು ಹತ್ತಿರವಾದಂತೆ ಎರಡು ಕಡೆಯೂ ನೀರು ನಿಂತ ಗದ್ದೆಗಳು. ಭತ್ತದ ಕಾಲವಲ್ಲವಲ್ಲ ಎಂದು ನೋಡಿದರೆ, ನೀರಿನ ಮೇಲೆ ಸಾಲುಸಾಲಾಗಿ ತಂತಿಯ ಬೋನುಗಳ ತಲೆಗಳು ಕಾಣುತ್ತಿದ್ದವು. ಭತ್ತದ ಕುಯ್ಲಾದ ಮೇಲೆ ಅದೇ ಗದ್ದೆಗೆ ಮತ್ತೆ ನೀರು ಕಟ್ಟಿ, ಕೂಳೆಯನ್ನೇ ಮೇವಾಗಿಟ್ಟು, ಕ್ರಾಫಿಶ್ ಎಂಬ ಸಿಹಿನೀರಿನ ಪ್ರಾಣಿಯನ್ನು ಸಾಕುತ್ತಾರೆ. ಅದು ಸಿಗಡಿಗೂ ಏಡಿಗೂ ನಡುವಣ ರೂಪದ್ದು. ಚಳಿಗಾಲದಿಂದ ವಸಂತದವರೆಗೆ ಅದರ ಸುಗ್ಗಿ. ಒಂದೇ ಗದ್ದೆಯಿಂದ ಅನ್ನವನ್ನೂ ಅದರ ಮೇಲೆ ಸುರಿಯುವ ಸಾರನ್ನೂ ತೆಗೆಯುವ ಈ ಉಪಾಯ ನನಗೆ ಬಹಳ ಹಿಡಿಸಿತು.

ನಾವು ಹೋದ ಊಟದ ಮನೆಗೆ ಹೆಸರು ಹೇಳಿಕೊಳ್ಳುವಂಥ ಅಲಂಕಾರ ಒಂದೂ ಇರಲಿಲ್ಲ. ಅಂಥವು ಆ ಪ್ರದೇಶದ ಪ್ರತಿ ಬಡಾವಣೆಯಲ್ಲಿಯೂ ಇವೆ. ಬೆಳಗ್ಗೆ ಹನ್ನೊಂದಕ್ಕೆ ಬಾಗಿಲು ತೆರೆದು ಎರಡು ಗಂಟೆಗೆ, ಅಡುಗೆ ಮುಗಿದರೆ ಅದಕ್ಕೂ ಮೊದಲೇ, ಮುಚ್ಚುತ್ತಾರೆ. ಸಾಲಿನಲ್ಲಿ ನಿಂತು ತಟ್ಟೆ ಒಡ್ಡಬೇಕು. ಮೊದಲು ಬೀಳುವುದು ಅನ್ನ. ಅದರ ಮೇಲೆ ಗ್ರೇವಿ, ಅಂದರೆ ಮಾಂಸವನ್ನು ಕೆಂಪಗೆ ಹುರಿದು ಗಂಟೆಗಟ್ಟಲೆ ಬೇಯಿಸಿದಾಗ ಇಳಿಯುವ ಗಟ್ಟಿ ರಸ. ಪಕ್ಕಕ್ಕೆ ಎರಡು ಪಲ್ಯ, ಒಂದು ತುಂಡು ರೊಟ್ಟಿ. ಈ ಅನ್ನ-ಗ್ರೇವಿಯೇ ಕೇಜನ್ ನಾಡಿನ ನಿತ್ಯದ ಊಟ. ಪ್ರವಾಸಿಗಳು ಬಾಯಿ ಚಪ್ಪರಿಸುವ ಜಂಬಲಾಯ ಮುಂತಾದವು ಹಬ್ಬದ ಸಾಲಿಗೆ ಸೇರಿದವು. ಸಾಲಿನಲ್ಲಿ ನಮ್ಮ ಮುಂದೆ ಎಣ್ಣೆ ಬಾವಿಯ ಕೆಲಸಗಾರರು, ಕೊರಳಪಟ್ಟಿ ಕಟ್ಟಿದ ವಕೀಲರು, ಬಿಳಿಯರು, ಕರಿಯರು ಎಲ್ಲರೂ ಇದ್ದರು. ಬಡಿಸುವ ಹೆಂಗಸು ಎಲ್ಲರನ್ನೂ ‘ಶಾ’ ಎಂದು ಕರೆಯುತ್ತಿದ್ದಳು. ಪ್ರಿಯನೆ ಎಂಬ ಅರ್ಥದ ಫ್ರೆಂಚ್ ಶಬ್ದ ಅದು. ನಮ್ಮಲ್ಲಿ ಹಿರಿಯ ಹೆಂಗಸರು ಗುರುತಿಲ್ಲದವರನ್ನೂ ‘ಮಗಾ’ ಎನ್ನುವುದಿಲ್ಲವೆ, ಹಾಗೆ. ಅದು ಶುಕ್ರವಾರ, ಈಸ್ಟರಿಗೆ ಮುಂಚಿನ ವ್ರತಕಾಲ; ಕ್ಯಾಥೊಲಿಕ್ಕರು ಆ ದಿನ ಮಾಂಸ ತಿನ್ನರು. ಹಾಗಾಗಿ ಅಂದು ಕ್ರಾಫಿಶ್ ಎಟುಫೆ, ಕರಿದ ಮೀನು ಮತ್ತು ಸಿಗಡಿಯ ಗಂಬೋ. ಕರಾವಳಿಯವನಾದ ನನಗೆ ಈ ವ್ರತ ಅನುಕೂಲವಾಗಿಯೇ ಇತ್ತು.

ಗಂಬೋ ಎಂಬ ಸಾರಿನ ಬುಡ ‘ರೂ’ ಎಂಬ ಹುರಿಟ್ಟು. ಎಣ್ಣೆಯನ್ನೂ ಗೋಧಿ ಹಿಟ್ಟನ್ನೂ ಹೆಚ್ಚು ಕಡಮೆ ಸಮಪ್ರಮಾಣದಲ್ಲಿ ದಪ್ಪ ತಳದ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ, ಮರದ ಸಟ್ಟುಗದಿಂದ ತಿರುವುತ್ತಲೇ ಇರಬೇಕು. ಬಿಳಿಯದು ಹೊಂಬಣ್ಣವಾಗಿ, ನೆಲಗಡಲೆಯ ಸಿಪ್ಪೆಯ ಬಣ್ಣವಾಗಿ, ಕೊನೆಗೆ ಹಳೆಯ ಬೆಲ್ಲದ ಬಣ್ಣಕ್ಕೆ ಬರಲು ಮುಕ್ಕಾಲು ಗಂಟೆ ಹಿಡಿದೀತು. ಅಷ್ಟು ಹೊತ್ತೂ ಕೈ ನಿಲ್ಲಕೂಡದು. ಒಂದು ಕರಿಯ ಚುಕ್ಕೆ ಕಂಡಿತೋ, ಸೀದಿತೆಂದೇ ಅರ್ಥ. ಎಲ್ಲವನ್ನೂ ಚೆಲ್ಲಿ ಹೊಸದಾಗಿ ಇಡಬೇಕು. ಫ್ರಾನ್ಸಿನ ಬಾಣಸಿಗರೂ ರೂ ಮಾಡುತ್ತಾರೆ. ಆದರೆ ಅದನ್ನು ಬೆಣ್ಣೆಯಲ್ಲಿ ಮಾಡಿ ತಿಳಿಬಣ್ಣದಲ್ಲಿಯೇ ಇಳಿಸುವುದು ಅವರ ರೂಢಿ. ಇಷ್ಟು ಕಪ್ಪಿನವರೆಗೆ ಒಯ್ಯುವ ಧೈರ್ಯ ಲೂಯಿಸಿಯಾನದ್ದು. ಹದ ಬಂದೊಡನೆ ಹೆಚ್ಚಿದ ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ ಈ ಮೂರನ್ನು ಸುರಿಯುತ್ತಾರೆ. ಉರಿ ಅಲ್ಲಿಗೆ ತಣಿಯುತ್ತದೆ. ಈ ಮೂರಕ್ಕೆ ಅಲ್ಲಿಯವರು ಕ್ರೈಸ್ತರ ಪವಿತ್ರ ತ್ರಿತ್ವದ ಹೆಸರನ್ನೇ ಇಟ್ಟಿದ್ದಾರೆ. ಅಂದು ನಮಗೆ ಬಡಿಸಿದ ಗಂಬೋ ರುಚಿಯಲ್ಲಿ ನಮ್ಮ ಯಾವ ಸಾರಿಗೂ ಸಮೀಪವಲ್ಲ. ಹುಳಿಯಿಲ್ಲ, ಕೊಬ್ಬರಿಯಿಲ್ಲ, ಖಾರ ಹೆಸರಿಗಷ್ಟೆ. ಆದರೆ ಹುರಿದುದರ ಒಂದು ಆಳವಾದ ಘಮ ಬಹಳ ಹೊತ್ತು ಬಾಯಲ್ಲಿ ನಿಲ್ಲುತ್ತದೆ. ಅನ್ನದೊಡನೆ ಕಲಸುವಾಗ ಚಮಚವನ್ನು ಬದಿಗಿಡಬೇಕೆನ್ನಿಸಿತು. ಅಳಿಯನ ಮುಖ ನೋಡಿ ಸುಮ್ಮನಾದೆ.

ಗಂಬೋ ಎಂಬ ಹೆಸರು ಬಂದದ್ದು ಮಧ್ಯ ಆಫ್ರಿಕದ ಬಂಟು ಭಾಷೆಗಳಲ್ಲಿ ಬೆಂಡೆಕಾಯಿಗೆ ಇರುವ ಹೆಸರಿನಿಂದ ಎಂದು ನಿಘಂಟುಕಾರರು ಹೇಳುತ್ತಾರೆ. ಇಂದಿನ ಫ್ರೆಂಚಿನಲ್ಲೂ ‘ಗೊಂಬೊ’ ಎಂದರೆ ಬೆಂಡೆಕಾಯಿಯೇ. ಬೆಂಡೆಯ ಲೋಳೆ ಹೋಗುವ ತನಕ ಅದನ್ನು ತಾಳ್ಮೆಯಿಂದ ಬಾಡಿಸುವ ಕೌಶಲವೂ ಆಫ್ರಿಕದ ಕೈಗಳದೇ. ನಮ್ಮವರು ಆ ಲೋಳೆಗೆ ಹುಣಿಸೆಯನ್ನೋ ಮಜ್ಜಿಗೆಯನ್ನೋ ಮದ್ದಾಗಿ ಕಂಡುಕೊಂಡರು. ಇಲ್ಲಿ ನನ್ನದೊಂದು ತಕರಾರು ಉಂಟು. ಬೋರ್ಡಿನ ಮೇಲೆ ದೊಡ್ಡದಾಗಿ ಕೇಜನ್ ಎಂದು ಬರೆದಿರುತ್ತದೆ. ಹೊಲದಲ್ಲಿ ದುಡಿದವರ, ಪರರ ಮನೆಯ ಒಲೆಯ ಮುಂದೆ ಬೆಂದವರ ಹೆಸರು ಎಲ್ಲಿಯೂ ಇರುವುದಿಲ್ಲ. ಅದೇ ಸೀಮೆಯ ಕರಿಯ ಜನ ತಮ್ಮನ್ನು ಕ್ರಿಯೋಲರೆಂದು ಕರೆದುಕೊಳ್ಳುತ್ತಾರೆ. ಅವರ ಅಡುಗೆಗೂ ಕೇಜನ್ನರ ಅಡುಗೆಗೂ ನಡುವೆ ಗೆರೆ ಎಳೆಯುವುದು ಪುಸ್ತಕ ಬರೆಯುವವರಿಗೆ ಸಾಧ್ಯ, ಒಲೆಯ ಮುಂದೆ ನಿಂತವರಿಗೆ ಸಾಧ್ಯವಲ್ಲ. ಗಡಿಪಾರಾದವರ ದುಃಖದ ಕತೆ ಕೇಳಿ ಕಣ್ಣೀರಿಟ್ಟವರು, ಹಿಡಿದು ತರಲ್ಪಟ್ಟವರ ಕತೆಯನ್ನು ಅದೇ ಬಟ್ಟಲಿನಲ್ಲಿ ಉಣ್ಣುತ್ತಲೂ ನೆನೆಯುವುದಿಲ್ಲ. ಹೆಸರಿನ ರಾಜಕಾರಣ ಎಲ್ಲ ದೇಶಗಳ ಅಡುಗೆಯಲ್ಲಿಯೂ ಇದ್ದದ್ದೇ. ಅದು ಇರಲಿ.

ಪಕ್ಕದ ಮೇಜಿನಲ್ಲಿ ಎಂಬತ್ತರ ಅಂಚಿನ ಮುದುಕರೊಬ್ಬರು ಒಬ್ಬರೇ ಊಟ ಮಾಡುತ್ತಿದ್ದರು. ನಾವು ಕನ್ನಡದಲ್ಲಿ ಮಾತಾಡುವುದನ್ನು ಕೇಳಿ, ಅದು ಯಾವ ಭಾಷೆ ಎಂದು ವಿಚಾರಿಸಿದರು. ಹೇಳಿದೆ. ‘ಸ್ವಂತ ಭಾಷೆಯಲ್ಲಿ ಊಟ ಮಾಡುತ್ತಿದ್ದೀರಿ, ಸಂತೋಷ’ ಎಂದರು. ಆ ಮಾತಿನ ಹಿಂದೆ ಏನೋ ಇದೆ ಎನ್ನಿಸಿ ಕೆದಕಿದೆ. ಅವರಿಗೆ ಶಾಲೆಗೆ ಸೇರುವವರೆಗೆ ಇಂಗ್ಲಿಷಿನ ಒಂದು ಅಕ್ಷರ ಬರುತ್ತಿರಲಿಲ್ಲವಂತೆ. ಶಾಲೆಯ ಅಂಗಳದಲ್ಲಿ ಫ್ರೆಂಚ್ ಆಡಿದ್ದಕ್ಕಾಗಿ, ಇನ್ನು ಮೇಲೆ ಆಡುವುದಿಲ್ಲವೆಂದು ಇಂಗ್ಲಿಷಿನಲ್ಲಿ ನೂರು ಸಲ ಬರೆಯಿಸಿದರಂತೆ. ಬರೆದದ್ದರ ಅರ್ಥ ತಿಳಿಯಲು ಇನ್ನೊಂದು ವರ್ಷ ಬೇಕಾಯಿತು ಎಂದು ನಕ್ಕರು. ಮುಂದೆ ಮದುವೆಯಾಗಿ ಮಕ್ಕಳಾದ ಮೇಲೆ ಅವರೂ ಅವರ ಹೆಂಡತಿಯೂ ಮಕ್ಕಳೊಡನೆ ಇಂಗ್ಲಿಷನ್ನೇ ಆಡಿದರು. ಮಕ್ಕಳಿಗೆ ತಿಳಿಯಬಾರದ ಸಂಗತಿ ಇದ್ದಾಗ ಮಾತ್ರ ಫ್ರೆಂಚ್. ಸಾಲದ ಮಾತು, ಕಾಯಿಲೆಯ ಮಾತು, ಕ್ರಿಸ್ಮಸ್ಸಿಗೆ ಏನು ಕೊಡಬೇಕೆಂಬ ಮಾತು. ಹೆಂಡತಿ ತೀರಿಕೊಂಡ ಮೇಲೆ ಅದೂ ಇಲ್ಲ.

ಇದು ಒಬ್ಬರ ಕತೆಯಲ್ಲ. 1916ರಲ್ಲಿ ಲೂಯಿಸಿಯಾನದಲ್ಲಿ ಕಡ್ಡಾಯ ಶಿಕ್ಷಣ ಬಂತು. 1921ರ ರಾಜ್ಯ ಸಂವಿಧಾನ ಸಾರ್ವಜನಿಕ ಶಾಲೆಗಳಲ್ಲಿ ಇಂಗ್ಲಿಷೊಂದೇ ಬೋಧನ ಭಾಷೆ ಎಂದು ವಿಧಿಸಿತು. ಮಗು ಬರಲೇಬೇಕು, ಬಂದರೆ ಬಾಯಿ ಮುಚ್ಚಲೇಬೇಕು. ನೀರು ಬೇಕೆಂದೂ ಹೊರಗೆ ಹೋಗಬೇಕೆಂದೂ ಕೇಳಲು ಇಂಗ್ಲಿಷ್ ಬಾರದೆ ತರಗತಿಯಲ್ಲಿ ಬಟ್ಟೆ ಒದ್ದೆ ಮಾಡಿಕೊಂಡು ಅವಮಾನಪಟ್ಟ ಮಕ್ಕಳ ನೆನಪುಗಳು ಆ ತಲೆಮಾರಿನಲ್ಲಿ ಮನೆಮನೆಯಲ್ಲಿಯೂ ಇವೆ. ಅಕೇಡಿಯದಲ್ಲಿ ಇಂಗ್ಲಿಷರು ಹಡಗು, ಸೈನ್ಯ, ಬೆಂಕಿ ಮೂರನ್ನೂ ತಂದು ಮಾಡಲಾಗದ ಕೆಲಸವನ್ನು ಇಲ್ಲಿ ಒಂದು ಕರಿಹಲಗೆ ಮಾಡಿತು. 1968ರಲ್ಲಿ ಪ್ರಾಂತ ಸರ್ಕಾರ ಎಚ್ಚೆತ್ತು, ಫ್ರೆಂಚ್ ಭಾಷೆಯ ಅಭಿವೃದ್ಧಿಗೆಂದು ಒಂದು ಮಂಡಳಿಯನ್ನು ಸ್ಥಾಪಿಸಿತು. ಆ ಮಂಡಳಿ ಫ್ರಾನ್ಸ್, ಬೆಲ್ಜಿಯಮ್, ಕ್ವಿಬೆಕ್‌ಗಳಿಂದ ಉಪಾಧ್ಯಾಯರನ್ನು ತರಿಸಿತು. ಅವರು ಕಲಿಸಿದ ಫ್ರೆಂಚು ಅಜ್ಜಿಯ ಫ್ರೆಂಚಾಗಿರಲಿಲ್ಲ. ಒಮ್ಮೆ ಫ್ರೆಂಚ್ ಆಡಿದ್ದಕ್ಕೆ ಪೆಟ್ಟು, ಇನ್ನೊಮ್ಮೆ ಆಡಿದ ಫ್ರೆಂಚು ಸರಿಯಲ್ಲವೆಂಬ ನಗೆ. ಈ ಎರಡರ ನಡುವೆ ಒಂದು ತಲೆಮಾರು ಮೌನವಾಯಿತು. ಗ್ರಂಥಸ್ಥ ಭಾಷೆಯನ್ನು ಪಾಠ ಹೇಳಿ ಹೊಟ್ಟೆ ಹೊರೆಯುವ ನಮ್ಮಂಥವರು ಈ ಎರಡನೆಯ ಪೆಟ್ಟನ್ನು ಕುರಿತು ಕೊಂಚ ಯೋಚಿಸಬೇಕು.

ಆಶ್ಚರ್ಯವೆಂದರೆ, ನುಡಿ ಇಳಿಯುತ್ತಿದ್ದ ಕಾಲದಲ್ಲೇ ಊಟ ಏರಿದ್ದು. ಕ್ರಾಫಿಶ್ ಒಂದು ಕಾಲಕ್ಕೆ ಬಡವರ ತಿನಿಸೆಂದು ಮುಚ್ಚಿಟ್ಟು ತಿನ್ನುವ ವಸ್ತುವಾಗಿತ್ತು. 1959ರಲ್ಲಿ ಪ್ರಾಂತದ ಶಾಸನಸಭೆ ಬ್ರೋ ಬ್ರಿಜ್ ಎಂಬ ಸಣ್ಣ ಊರನ್ನು ಅದರ ಜಾಗತಿಕ ರಾಜಧಾನಿ ಎಂದು ಸಾರಿತು. 1979ರಲ್ಲಿ ಪಾಲ್ ಪ್ರುಡೋಮ್ ಎಂಬ ಕೇಜನ್ ಬಾಣಸಿಗ ನ್ಯೂ ಆರ್ಲಿಯನ್ಸಿನಲ್ಲಿ ಊಟದ ಮನೆ ತೆರೆದ. ಮೀನಿಗೆ ಮಸಾಲೆ ಬಳಿದು, ಕಾದು ಕೆಂಡವಾದ ಬಾಣಲೆಯಲ್ಲಿ ಕರ್ರಗೆ ಸುಡುವ ಅವನ ಅಡುಗೆಗೆ ದೇಶವೇ ಮರುಳಾಯಿತು. ಆ ಅಡುಗೆ ಯಾವ ಕೇಜನ್ ಅಜ್ಜಿಯೂ ಮಾಡಿದ್ದಲ್ಲ. ಅವನ ಸ್ವಂತ ಕಲ್ಪನೆ. 1980ರ ದಶಕದಲ್ಲಿ ಅದರ ಬೇಡಿಕೆ ಎಷ್ಟಾಯಿತೆಂದರೆ, ಮೆಕ್ಸಿಕೊ ಕೊಲ್ಲಿಯಲ್ಲಿ ಆ ಜಾತಿಯ ಮೀನೇ ಅಳಿದೀತೆಂದು ಸರ್ಕಾರ ಬಲೆ ಹಾಕುವುದಕ್ಕೆ ನಿರ್ಬಂಧ ತರಬೇಕಾಯಿತು. ಮೀನಿಗೆ ಇದ್ದ ರಕ್ಷಣೆ ಮಾತಿಗೆ ಇರಲಿಲ್ಲ. ಇಂದು ಅಮೆರಿಕದ ಯಾವ ಊರಿನ ಅಂಗಡಿಯಲ್ಲಿಯೂ ಕೇಜನ್ ಎಂದು ಬರೆದ ಖಾರದ ಪುಡಿಯ ಡಬ್ಬಿ ಸಿಗುತ್ತದೆ. ಆ ಡಬ್ಬಿಯನ್ನು ಕೊಳ್ಳುವವರಲ್ಲಿ ಕೇಜನ್ ಎಂಬುದು ಒಂದು ಜನದ ಹೆಸರೆಂದು ಎಷ್ಟು ಮಂದಿ ಬಲ್ಲರೋ!

ಇಷ್ಟೆಲ್ಲ ಗೌರವದ ನಡುವೆಯೂ ಬಟ್ಟಲಲ್ಲಿ ತೇಲುವ ಸಿಗಡಿ ಎಲ್ಲಿಯದೆಂದು ಕೇಳಿದರೆ ಕೆಲವು ಮಾಲಿಕರ ಮುಖ ಸಪ್ಪಗಾಗುತ್ತದೆ. ಈಚಿನ ವರ್ಷಗಳಲ್ಲಿ ಅಮೆರಿಕಕ್ಕೆ ಅತಿ ಹೆಚ್ಚು ಸಿಗಡಿ ಕಳಿಸುತ್ತಿರುವ ದೇಶ ಭಾರತ; ಅದರಲ್ಲಿ ಬಹುಪಾಲು ಆಂಧ್ರದ ಕರಾವಳಿಯ ಕೊಳಗಳಲ್ಲಿ ಬೆಳೆದದ್ದು. ಅದು ಅಗ್ಗ. ಕೊಲ್ಲಿಯಲ್ಲಿ ಬಲೆ ಬೀಸುವ ಕೇಜನ್ ಬೆಸ್ತನ ಸಿಗಡಿಗೆ ಅದರಿಂದ ಗಿರಾಕಿ ತಪ್ಪಿತು. 2019ರಲ್ಲಿ ಲೂಯಿಸಿಯಾನ ಒಂದು ಕಾಯಿದೆ ಮಾಡಿತು: ಊಟದ ಮನೆಯವರು ಹೊರದೇಶದ ಸಿಗಡಿ, ಕ್ರಾಫಿಶ್ ಬಡಿಸುವುದಾದರೆ ಅದನ್ನು ಗಿರಾಕಿಗೆ ಬರಹದಲ್ಲಿ ತಿಳಿಸತಕ್ಕದ್ದು. ಒಳ್ಳೆಯ ಕಾಯಿದೆ. ಭಾರತದ ರೈತನ ವಿಚಾರದಲ್ಲಿ ನನಗೆ ಎಷ್ಟೇ ಮಮತೆ ಇದ್ದರೂ, ಅವನ ಸಿಗಡಿಯನ್ನು ಕೊಲ್ಲಿಯ ಸಿಗಡಿಯೆಂದು ಮಾರುವುದು ನ್ಯಾಯವಲ್ಲ. ಆದರೆ ಈ ಕಾಯಿದೆಯ ಮುಂದೆ ಒಂದು ಪ್ರಶ್ನೆ ಏಳುತ್ತದೆ. ಬಟ್ಟಲಿನಲ್ಲಿರುವುದು ಹೊರಗಿನದೆಂದು ಬರೆದು ತೂಗುಹಾಕಬೇಕಾದ ಮನೆಯಲ್ಲಿ, ಬಾಯಲ್ಲಿರುವುದೂ ಹೊರಗಿನದೆಂದು ಯಾರು ಬರೆದು ತೂಗುಹಾಕಬೇಕು?

ಊಟವಾದ ಮೇಲೆ ಗೋಡೆಯ ಹಲಗೆಯ ಮೇಲೆ ಬರೆದಿದ್ದ ತಿನಿಸುಗಳ ಪಟ್ಟಿಯನ್ನು ಇನ್ನೊಮ್ಮೆ, ಕಸುಬಿನ ಕಣ್ಣಿನಿಂದ, ಓದಿದೆ. ಗಂಬೋ, ಎಟುಫೆ, ಬೂಡಾನ್, ಆಂಡೂಯಿ. ಫ್ರೆಂಚ್ ಶಬ್ದಗಳಿಗೆ ಕೊರತೆಯಿಲ್ಲ. ಎಲ್ಲವೂ ನಾಮಪದ. ಕ್ರಿಯಾಪದ ಒಂದೂ ಇಲ್ಲ. ವಿಭಕ್ತಿಯಂತೆ ದುಡಿಯುವ ಸಣ್ಣ ಪದ ಒಂದೂ ಇಲ್ಲ. ಎಟುಫೆ ಎಂಬುದು ಹುಟ್ಟಿನಿಂದ ಕ್ರಿಯೆಗೆ ಸೇರಿದ ರೂಪ. ಮುಚ್ಚಳ ಮುಚ್ಚಿ ಉಸಿರು ಕಟ್ಟಿಸಿ ಬೇಯಿಸಿದ್ದು ಎಂದು ಅದರ ಅರ್ಥ. ಪಟ್ಟಿಗೆ ಬಂದು ಅದೂ ಒಂದು ಪದಾರ್ಥದ ಹೆಸರಾಗಿ ಕುಳಿತಿದೆ. ಊಟದಿಂದ ಉಳಿಯುವ ಭಾಷೆ ಇಷ್ಟೇ: ಹೆಸರುಗಳ ಒಂದು ಗಂಟು. ಆ ಗಂಟಿನಿಂದ ಮಗುವನ್ನು ಗದರಿಸಲಾಗದು, ರೋಗಿಯನ್ನು ಸಂತೈಸಲಾಗದು, ನೆರೆಯವನೊಡನೆ ಜಗಳವಾಡಲೂ ಆಗದು. ಶಬ್ದಗಳನ್ನು ಪೋಣಿಸುವ ದಾರ ಹೋದ ಮೇಲೆ ಮಣಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಬಹುದು.

ಹಿಂದೆ ನೆನಪಿನಲ್ಲಿಡಿ ಎಂದ ಮಾತಿಗೆ ಈಗ ಬರುತ್ತೇನೆ. ಕೇಜನ್ನರು ತಂದದ್ದು ನುಡಿ, ಇಲ್ಲಿ ಕಂಡದ್ದು ಅಡುಗೆ. ಉಳಿದದ್ದು ಕಂಡದ್ದು, ಹೋದದ್ದು ತಂದದ್ದು. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಅಡುಗೆ ಒಗ್ಗುವ ಕಲೆ. ಗೋಧಿಯಿಲ್ಲದಿದ್ದರೆ ಅಕ್ಕಿ, ಬೆಣ್ಣೆಯಿಲ್ಲದಿದ್ದರೆ ಹಂದಿಯ ಕೊಬ್ಬು, ಅದೂ ಇಲ್ಲದಿದ್ದರೆ ಎಣ್ಣೆ. ಸಾಮಗ್ರಿಯೆಲ್ಲ ಬದಲಾದರೂ ಹೆಸರು ನಿಲ್ಲುತ್ತದೆ, ಉಣ್ಣುವವನಿಗೆ ತೃಪ್ತಿಯಾಗುತ್ತದೆ. 1975ರ ಬಳಿಕ ವಿಯೆಟ್ನಾಮಿನಿಂದ ಕೊಲ್ಲಿಯ ಕರಾವಳಿಗೆ ಬಂದ ನಿರಾಶ್ರಿತರು ಬೇಯಿಸಿದ ಕ್ರಾಫಿಶ್ಶನ್ನು ಬೆಳ್ಳುಳ್ಳಿ ಬೆಣ್ಣೆಯಲ್ಲಿ ಹೊರಳಿಸಿದರು; ಹ್ಯೂಸ್ಟನ್ನಿನಲ್ಲಿ ಈಗ ಅದಕ್ಕೂ ಕೇಜನ್ ಎಂದೇ ಹೆಸರು, ನನ್ನ ಅಭಿಪ್ರಾಯದಲ್ಲಿ ಅದು ಮೂಲಕ್ಕಿಂತ ರುಚಿ. ಭಾಷೆಗೆ ಇಂಥ ಅನುಕೂಲ ಇಲ್ಲ. ಶಬ್ದಗಳನ್ನು ಎಷ್ಟು ಬೇಕಾದರೂ ಸಾಲ ತರಬಹುದು; ಕ್ರಿಯಾಪದವೂ ಪ್ರತ್ಯಯವೂ ಬದಲಾದವೋ, ಆಡುತ್ತಿರುವುದು ಬೇರೆ ಭಾಷೆ. ಇನ್ನೂ ಒಂದು ವ್ಯತ್ಯಾಸ. ಅಡುಗೆಯನ್ನು ಒಬ್ಬರು ಮಾಡಿ ನೂರು ಜನರಿಗೆ ಬಡಿಸಬಹುದು. ಮಾತನ್ನು ಪ್ರತಿಯೊಬ್ಬರೂ ತಾವೇ ಆಡಬೇಕು.

ಕೇಜನ್ನರ ಕ್ರಾಫಿಶ್ ಔತಣದಲ್ಲಿ ಮೇಜಿನ ಮೇಲೆ ಹಳೆಯ ವೃತ್ತಪತ್ರಿಕೆ ಹಾಸಿ, ಬೇಯಿಸಿದ ರಾಶಿಯನ್ನು, ಆಲೂಗಡ್ಡೆ ಮೆಕ್ಕೆಜೋಳಗಳ ಸಮೇತ, ಅದರ ಮೇಲೆಯೇ ಸುರಿಯುತ್ತಾರೆ. ಸುತ್ತ ನಿಂತು ಕೈಯಿಂದ ಸುಲಿದು ತಿನ್ನುತ್ತಾರೆ. ಆ ಪತ್ರಿಕೆಗಳು ಇಂಗ್ಲಿಷಿನವು. 19ನೆಯ ಶತಮಾನದಲ್ಲಿ ಲೂಯಿಸಿಯಾನದಲ್ಲಿ ಫ್ರೆಂಚ್ ಪತ್ರಿಕೆಗಳು ಸಾಕಷ್ಟು ಇದ್ದವು. ನಮ್ಮಲ್ಲಿ ಬೋಂಡ ಕಟ್ಟಿಕೊಡುವ ಹಾಳೆ ಇನ್ನೂ ಕನ್ನಡದ್ದೇ ಆಗಿರುವುದು ಬರೆಯುವವರಿಗೆ ಒಂದು ಬಗೆಯ ಭರವಸೆ. ಈ ಲೇಖನಕ್ಕೂ ಆ ಗತಿ ಬಂದೀತು, ಬೇಸರವಿಲ್ಲ.

ಕೇಜನ್ ನಾಡಿನ ಇನ್ನೊಂದು ಶಬ್ದ ‘ಲಾನ್ಯಾಪ್’. ಕೊಂಡ ಸಾಮಾನಿನ ಮೇಲೆ ಅಂಗಡಿಯವನು ಪ್ರೀತಿಯಿಂದ ಹಾಕುವ ಹೆಚ್ಚಿನದು. ದಕ್ಷಿಣ ಅಮೆರಿಕದ ಕೆಚುವ ಭಾಷೆಯಿಂದ ಸ್ಪ್ಯಾನಿಷಿಗೆ, ಅಲ್ಲಿಂದ ಲೂಯಿಸಿಯಾನದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಸಮನಾದ ಒಂಟಿ ಪದ ನನಗೆ ಹೊಳೆಯದು. ಕನ್ನಡದಲ್ಲಿ ಚೊಕ್ಕವಾಗಿ ಉಂಟು: ಕೊಸರು. ಮೊಳ ಹಾಕಿದ ಮೇಲೆ ಹೂವಿನವಳು ಬಿಡುವ ನಾಲ್ಕು ಬೆರಳು, ತೂಕವಾದ ಮೇಲೆ ತರಕಾರಿಯವನು ಎಸೆಯುವ ಒಂದು ಹಿಡಿ ಕೊತ್ತಂಬರಿ. ಕಳೆದ ವರ್ಷ ತರಗತಿಯಲ್ಲಿ ಈ ಶಬ್ದದ ಅರ್ಥ ಕೇಳಿದೆ. ಅರವತ್ತು ವಿದ್ಯಾರ್ಥಿಗಳಲ್ಲಿ ಕೈ ಎತ್ತಿದವರು ಏಳು ಮಂದಿ. ಅವರನ್ನು ದೂರಿ ಫಲವಿಲ್ಲ. ತೂಕ ಹಾಕಿ ಅಂಟಿಸಿದ ಪೊಟ್ಟಣದಲ್ಲಿ ಕೊಸರಿಗೆ ಜಾಗವೆಲ್ಲಿ?

ಕನ್ನಡದ ಸ್ಥಿತಿ ಕೇಜನ್ ಫ್ರೆಂಚಿನದಲ್ಲ. ಕೋಟಿಗಟ್ಟಲೆ ಜನರ ನುಡಿಯನ್ನು ಹಾಗೆ ಹೋಲಿಸುವುದು ಅತಿಯಾದೀತು. ಆದರೂ ಒಂದು ಸೂಕ್ಷ್ಮವನ್ನು ಹೇಳದೆ ಇರಲಾರೆ. ಬೆಂಗಳೂರಿನ ಬೆರಕೆ ಮಾತಿನಲ್ಲಿ ನಾಮಪದಗಳೆಲ್ಲ ಇಂಗ್ಲಿಷು, ಕ್ರಿಯಾಪದ ಮಾತ್ರ ಕನ್ನಡ: ‘ಲಂಚ್ ಮುಗಿಸಿ ಕಾಲ್ ಮಾಡ್ತೀನಿ.’ ಪಂಡಿತರು ಇದನ್ನು ಕೇಳಿ ಹಣೆ ಚಚ್ಚಿಕೊಳ್ಳುತ್ತಾರೆ. ನಾನು ಅಷ್ಟು ಹೆದರುವುದಿಲ್ಲ. ಮುಗಿಸಿ, ಮಾಡ್ತೀನಿ ಎಂಬ ಕಂಬಗಳು ನಿಂತಿರುವಷ್ಟು ದಿನ ಮನೆ ಕನ್ನಡದ್ದೇ, ಹೊದಿಸಿದ ಹೆಂಚು ಯಾವುದಾದರೂ ಆಗಲಿ. ನನಗೆ ಹೆದರಿಕೆಯಾದದ್ದು ಹ್ಯೂಸ್ಟನ್ನಿನ ನಮ್ಮವರ ಮನೆಯಲ್ಲಿ. ಅಳಿಯನ ಆರು ವರ್ಷದ ಮಗಳು ರಾತ್ರಿ ಊಟಕ್ಕೆ ಕುಳಿತು, ತಟ್ಟೆ ಮುಂದೆ ಸರಿಸಿ, ‘ಐ ವಾಂಟ್ ಮೋರ್ ಸಾರು’ ಎಂದಳು. ಸಾರು ಎಂಬ ಶಬ್ದದ ಉಚ್ಚಾರ ನಿರ್ದುಷ್ಟವಾಗಿತ್ತು. ಮನೆಯವರಿಗೆಲ್ಲ ಹೆಮ್ಮೆ. ‘ನೋಡಿ ಮಾವ, ನಮ್ಮ ಊಟ ಬಿಟ್ಟಿಲ್ಲ’ ಎಂದ ಅಳಿಯ. ನನಗೆ ಲಫಾಯೆಟ್ಟಿನ ಗೋಡೆಯ ಮೇಲಿನ ಪಟ್ಟಿ ನೆನಪಾಯಿತು. ‘ಬೇಕು’ ಎಂದು 1921ರ ಸಂವಿಧಾನ ಯಾವುದೂ ಅವಳಿಗೆ ನಿಷೇಧಿಸಿರಲಿಲ್ಲ. ಹೇಳಿಕೊಡುವವರು ಅದೇ ಮೇಜಿನಲ್ಲಿ ಮೂವರು ಕುಳಿತಿದ್ದೆವು.

ಊಟದ ಮನೆಗಳಿಂದ ಭಾಷೆಗೆ ಏನೂ ಆಗದು ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಲಫಾಯೆಟ್ ಸುತ್ತಿನ ಕೆಲವು ಸಣ್ಣ ಹೋಟೆಲುಗಳಲ್ಲಿ ವಾರಕ್ಕೊಂದು ದಿನ ಬೆಳಗ್ಗೆ ಫ್ರೆಂಚ್ ಮೇಜು ಎಂದು ಇಡುತ್ತಾರೆ. ಆ ಮೇಜಿಗೆ ಕುಳಿತವರು ಫ್ರೆಂಚನ್ನೇ ಆಡಬೇಕು, ಇಷ್ಟೇ ನಿಯಮ. ಬರುವವರಲ್ಲಿ ಹೆಚ್ಚಿನವರು ಮುದುಕರು. ಜೊತೆಗೆ, ಎಲ್ಲ ಪಾಠಗಳನ್ನೂ ಫ್ರೆಂಚಿನಲ್ಲಿಯೇ ಹೇಳಿಕೊಡುವ ಈಚಿನ ಶಾಲೆಗಳಿಂದ ಬಂದ ಎಳೆಯರೂ ಕೆಲವರು ಉಂಟು. ಎಳೆಯರ ಫ್ರೆಂಚು ಪುಸ್ತಕದ್ದು, ಮುದುಕರದು ಬಯಲಿನದು. ಒಬ್ಬರು ಇನ್ನೊಬ್ಬರನ್ನು ತಿದ್ದುವುದಿಲ್ಲ. ಕಾಫಿ ತಣಿಯುವವರೆಗೆ ಮಳೆಯ ಮಾತು, ಕ್ರಾಫಿಶ್ಶಿನ ಧಾರಣೆ, ಯಾರದೋ ಮೊಣಕಾಲ ನೋವು. ಪಕ್ಕದ ಮೇಜಿನಲ್ಲಿ ಊಟ ಮಾಡುತ್ತಿದ್ದ ಆ ವೃದ್ಧರು ಅಲ್ಲಿಗೆ ಹೋಗುವುದುಂಟೆ ಎಂದು ಕೇಳಿದೆ. ಬುಧವಾರ ಬುಧವಾರ ತಪ್ಪದೆ ಹೋಗುತ್ತಾರಂತೆ. ಅಲ್ಲಿ ತಿನ್ನಲು ಏನು ಚೆನ್ನಾಗಿರುತ್ತದೆ ಎಂದು ಅಳಿಯ ವಿಚಾರಿಸಿದ. ಅವರು ಸ್ವಲ್ಪ ಹೊತ್ತು ಯೋಚಿಸಿ, ಅಲ್ಲಿ ತಾವು ಈವರೆಗೆ ಏನನ್ನೂ ತಿಂದಿಲ್ಲ ಎಂದರು.